ಹಕ್ಕಿ ಕಾಯುವ ಆಯಿ

ಆಯಿಯ ಕುಬಸದ ಬಲತೋಳು ಎಡತೋಳಿಗಿಂತ ಎರಡು ಬೆರಳು ಅಗಲವಾಗಿರುತ್ತಿತ್ತು. ಆಳಂದದ ದರ್ಜಿ ಮೊದಲ ಸಲ ಅಳತೆ ತೆಗೆದಾಗ ಟೇಪು ತಪ್ಪು ಹಿಡಿದೆನೆಂದು ಮತ್ತೊಮ್ಮೆ ಸುತ್ತಿ ನೋಡಿದನಂತೆ. ವರ್ಷಗಟ್ಟಲೆ ಕವಣೆ ಬೀಸಿ ಅವಳ ಬಲರಟ್ಟೆ ಪೈಲವಾನನ ರಟ್ಟೆಯ ಹಾಗೆ ಗಟ್ಟಿಯಾಗಿತ್ತು. ಎಡಗೈ ಮಾತ್ರ ಎಲ್ಲ ಮುದುಕಿಯರ ಕೈಯಂತೆ ಸಣಕಲು, ಚರ್ಮ ಜೋತದ್ದು. ಎರಡೂ ಕೈ ಮುಂದೆ ಚಾಚಿ ತೋರಿಸಿ ಅವಳೇ ನಗುತ್ತಿದ್ದಳು: "ಇದು ಗಂಡಸಿನ ಕೈ, ಇದು ಹೆಂಗಸಿನ ಕೈ. ಒಂದೇ ಮೈಯಾಗ ಸಂಸಾರ ನಡದದ ನೋಡವ್ವ ನಂದು."

ಆಯಿ ನಮಗೆ ಸಂಬಂಧಿಕಳಲ್ಲ. ಊರಿನ ಅರ್ಧ ಜನ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಹಿಂಗಾರಿ ಜೋಳ ತೆನೆ ಬಿಟ್ಟಿತೆಂದರೆ ಸುಗ್ಗಿ ಮುಗಿಯುವತನಕ ನಮ್ಮ ಹೊಲದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸುವುದು ಅವಳ ಕೆಲಸ. ಅದಕ್ಕೆ ಪ್ರತಿಯಾಗಿ ಕಣದಲ್ಲಿ ಅವಳ ಪಾಲಿನ ತೆನೆ. ನಾನು ಸರಸಂಬಾಕ್ಕೆ ಸೊಸೆಯಾಗಿ ಬರುವ ಮೊದಲೇ, ನಮ್ಮ ಮಾವನವರ ಕಾಲದಿಂದಲೂ, ಅದು ಹಾಗೇ ನಡೆದುಕೊಂಡು ಬಂದಿತ್ತು.

ನನ್ನ ತವರು ಅಫಜಲಪುರ. ಅಪ್ಪನದು ಬಜಾರದಲ್ಲಿ ಕಿರಾಣಿ ಅಂಗಡಿ. ಹೊಲವೆಂದರೆ ಬಸ್ಸಿನ ಕಿಟಕಿಯಿಂದ ಕಾಣುವುದು ಅಷ್ಟೇ ಗೊತ್ತಿದ್ದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮುಂಜಾನೆ ಅತ್ತೆಯವರು "ಆಯಿ ಹಕ್ಕಿ ಕಾಯಾಕ ಹೋಗ್ಯಾಳ, ಬುತ್ತಿ ಕೊಟ್ಟು ಬಾ" ಎಂದರು. ಕೋಳಿ ಸಾಕಿದಂತೆ ಇವರು ಹೊಲದಲ್ಲಿ ಹಕ್ಕಿಗಳನ್ನೂ ಸಾಕಿರಬೇಕು, ನರಿ ನಾಯಿ ಹಿಡಿಯದಂತೆ ಯಾರೋ ಕಾಯುತ್ತಿರಬೇಕು ಅಂದುಕೊಂಡೆ. ಬುತ್ತಿ ಹಿಡಿದು ಹೊಲದ ದಾರಿಗೆ ಬಂದರೆ ದೊಡ್ಡ ಜಗಳವೇ ಕೇಳಿಸಿತು. ಹೆಂಗಸೊಬ್ಬಳು ಯಾರನ್ನೋ ಅಳಿಯಾ ಎಂದು ಕರೆದು ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ. ಹೆದರಿ ನಿಂತುಬಿಟ್ಟೆ. ಜೋಳದ ನಡುವಿನ ಅಟ್ಟಣಿಗೆಯ ಮೇಲೆ ಅವಳೊಬ್ಬಳೇ. ಎದುರಿಗೆ ಯಾರೂ ಇಲ್ಲ. ಹಸಿರು ಗಿಳಿಗಳ ಗುಂಪೊಂದು ಕಿರುಚುತ್ತ ಎದ್ದು ಹೋಯಿತು.

"ಕಾಯೂದು ಜೋಳ ಅಲ್ಲೇನು? ಹಕ್ಕಿ ಕಾಯೂದು ಅಂತ ಯಾಕಂತೀರಿ?" ಎಂದು ಕೇಳಿದೆ.

ಆಯಿ ಬುತ್ತಿ ಬಿಚ್ಚುತ್ತ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಜೋಳ ಎಲ್ಲಿ ಓಡಿ ಹೋಗ್ತದ ತಂಗಿ? ನಿಂತಲ್ಲೇ ನಿಂತಿರ್ತದ. ಅದನ್ನೇನು ಕಾಯೂದು? ಕಣ್ಣಿಡೋದು ಹಕ್ಕಿ ಮ್ಯಾಲ. ಅದಕ್ಕ ಹಕ್ಕಿ ಕಾಯೂದು."

ಅಂದಿನಿಂದ ಬುತ್ತಿ ಒಯ್ಯುವ ಕೆಲಸ ಬೇರೆಯವರಿಗೆ ಬಿಡಲಿಲ್ಲ ನಾನು. ಮನೆಯೊಳಗೆ ಹೊಸ ಸೊಸೆಗೆ ಮಾತಾಡಲು ಯಾರಿದ್ದರು? ಅಟ್ಟಣಿಗೆಯ ನೆರಳಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆಯಿಗೆ ಒಂದೊಂದು ಹಕ್ಕಿಯೂ ಒಂದೊಂದು ಸಂಬಂಧ. ಗಿಳಿಗಳೆಲ್ಲ ಅಳಿಯಂದಿರು. ಅಂದಚಂದ ಮಾಡಿಕೊಂಡು ಬರುತ್ತವೆ, ಅರ್ಧ ತಿಂದು ಅರ್ಧ ಚೆಲ್ಲುತ್ತವೆ, ಮತ್ತೆ ಗದ್ದಲವೂ ಅವುಗಳದ್ದೇ. ಗುಬ್ಬಿಗಳು ಸಾಲಿ ಬಿಟ್ಟ ಹುಡುಗರು. ಸಾಲಿನ ನಡುವೆ ಉದುರಿದ ಕಾಳನ್ನು ಆರಿಸುತ್ತ ತನ್ನಷ್ಟಕ್ಕೆ ಗೊಣಗುವ ಬೆಳವ ನಮ್ಮ ಅತ್ತೆಯವರು. ಇದನ್ನು ಅತ್ತೆಯವರ ಮುಂದೆಯೇ ಹೇಳಿ ಬೈಸಿಕೊಂಡಿದ್ದಳು. ಚಳಿಗಾಲದಲ್ಲಿ ಎಲ್ಲಿಂದಲೋ ಬರುವ ಗುಲಾಬಿ ಮೈಯ, ಕರಿತಲೆಯ ಹಕ್ಕಿಗಳ ಮಹಾಹಿಂಡಿಗೆ ಅವಳಿಟ್ಟ ಹೆಸರು ದಿಂಡಿ. ಪಂಢರಪುರಕ್ಕೆ ಹೋಗುವ ಭಕ್ತರ ದಿಂಡಿಯಂತೆಯೇ ಅವು ಸಾಲುಸಾಲಾಗಿ ಬಂದು, ಒಂದೇ ಉಸಿರಿಗೆ ಉಂಡು, ಒಟ್ಟಿಗೇ ಏಳುತ್ತಿದ್ದವು. ಮೊದಲ ಹಿಂಡು ಕಂಡ ದಿನ ಆಯಿ ನಮ್ಮ ಮನೆಗೆ ಬಂದು "ದಿಂಡಿ ಬಂತ್ರಿ, ಕವಣಿಗಿ ಹೊಸಾ ಹಗ್ಗ ಕೊಡ್ರಿ" ಎನ್ನುತ್ತಿದ್ದಳು. ಬೈಯುತ್ತಿದ್ದಳೇ ಹೊರತು ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಊರಿಂದ ಬೀಗರು ಬಂದರೆಂಬ ಸಡಗರವೇ ಇತ್ತು.

ಅವಳ ಕವಣೆಯ ಕಲ್ಲು ಹಕ್ಕಿಗೆ ತಗಲಿದ್ದನ್ನು ನಾನು ಎಂದೂ ನೋಡಲಿಲ್ಲ. ತಗಲಿದರೆ ತನ್ನ ಕೈ ಕೆಟ್ಟಿತೆಂದು ಅರ್ಥ ಎನ್ನುತ್ತಿದ್ದಳು. "ಕಲ್ಲು ಹಕ್ಕಿಗಿ ಒಗಿಯೂದಲ್ಲ, ಹಕ್ಕಿ ಮುಂದಿನ ಗಾಳಿಗಿ ಒಗಿಯೂದು. ಗಾಳಿ ಹೇಳ್ತದ ಅವಕ್ಕ, ಏಳ್ರಿ ಅಂತ." ಮುಂಜಾನೆ ಅಟ್ಟಣಿಗೆ ಏರಿದ ಕೂಡಲೇ ಕೂಗುತ್ತಲೂ ಇರಲಿಲ್ಲ. ಮೊದಲು ಬಾಟಲಿಯಲ್ಲಿ ತಂದ ಚಹಾವನ್ನು ತಾಟಿಗೆ ಸುರುವಿಕೊಂಡು, ಊದಿ ಊದಿ, ಬಲು ನಿಧಾನವಾಗಿ ಕುಡಿಯುವಳು. ಹಕ್ಕಿಗಳು ಅಷ್ಟರಲ್ಲಿ ತಮ್ಮ ಪಾಡಿಗೆ ತೆನೆಯ ಮೇಲೆ. ಅತ್ತೆಯವರು ಒಂದು ದಿನ ಇದನ್ನು ಕಂಡು, "ಎಷ್ಟೊತ್ತು ಕುಡೀತಿಬೇ ಚಾ? ಹೊಲಾ ಖಾಲಿ ಆಗೋತನ ಕುಡೀತಿಯೇನು?" ಎಂದರು. ಆಯಿ ತಾಟು ಕೆಳಗಿಡದೆ ಹೇಳಿದಳು: "ಅಕ್ಕೋರೇ, ನಾ ಬರೇ ಹೊಟ್ಟಿಲೇ ಕೂಗೂದಿಲ್ಲ, ಅವನ್ನೂ ಬರೇ ಹೊಟ್ಟಿಲೇ ಎಬ್ಬಸೂದಿಲ್ಲ." ಅತ್ತೆಯವರಿಗೂ ಅದು ಗೊತ್ತಿದ್ದದ್ದೇ ಇರಬೇಕು. ಮರುದಿನ ಅವರು ಕಳಿಸಿದ ಬಾಟಲಿಯಲ್ಲಿ ಚಹಾ ಮೊದಲಿನಷ್ಟೇ ಇತ್ತು.

ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಅವಳು ಅಟ್ಟಣಿಗೆ ಏರುತ್ತಿರಲಿಲ್ಲ. ಅಂದು ನಾವೆಲ್ಲ ಸಜ್ಜೆ ಕಡಬು, ಭಜ್ಜಿ ಮಾಡಿಕೊಂಡು ಬಂಡಿಯಲ್ಲಿ ಹೋಗಿ, ಆ ಅಡಿಗೆಯನ್ನೇ ಭೂಮಿತಾಯಿಗೆಂದು ಹೊಲದ ತುಂಬ ಚರಗ ಚೆಲ್ಲುವುದು. ಆಯಿಯ ಮನೆಯಲ್ಲಿ ಬುದ್ಧನ ಪಟ, ನಮ್ಮ ಈ ಪೂಜೆಗಳಿಗೆ ಅವಳು ಬರುತ್ತಿರಲಿಲ್ಲ, ಊಟಕ್ಕೆ ಬರುತ್ತಿದ್ದಳು. "ಇವತ್ತು ನೀವೇ ಕರದು ಉಣ್ಣಸಾಕತ್ತೀರಿ. ನಾ ಹೆಂಗ ಓಡಸಲಿ? ನನಗ ರಜಾ" ಎಂದು ಬೇವಿನ ನೆರಳಲ್ಲಿ ಕಾಲು ಚಾಚುತ್ತಿದ್ದಳು.

ಇನ್ನೊಂದು ರೂಢಿಯೂ ಅವಳದಿತ್ತು. ಅವಳ ಓಣಿಯ ಮಂದಿ ನಮ್ಮ ಮನೆಗೆ ಹಿತ್ತಲಿಂದ ಬಂದು ಹಿತ್ತಲಿಂದಲೇ ಹೋಗುತ್ತಿದ್ದ ದಿನಗಳವು. ಆಯಿ ಮಾತ್ರ ಮುಂದಿನ ಬಾಗಿಲಿಗೇ ಬಂದು ಹೆಸರು ಹಿಡಿದು ಕರೆಯುವಳು. ಮಾವನವರು ಒಂದು ಸಲ ಹುಬ್ಬೇರಿಸಿದ್ದಕ್ಕೆ "ಹೊಲಕ್ಕ ಎದರಿನಿಂದ ಹೋಗ್ತೇನ್ರಿ, ಮನಿಗೂ ಎದರಿನಿಂದನೇ ಬರ್ತೇನಿ. ನನಗ ಸುತ್ತಿ ಹೋಗೂದು ರೂಢಿ ಇಲ್ಲ" ಎಂದಳಂತೆ. ಅವಳ ಮಗಳು ಓದಿ ನರ್ಸಾಗಿ ಜೇವರ್ಗಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ಊರಿನ ಹಿರಿಯರೇ ಬಿ.ಪಿ. ಮಾತ್ರೆಯ ಬಗ್ಗೆ ಕೇಳಲು ಅವಳ ಮನೆಯ ಮುಂದಿನ ಬಾಗಿಲಿಗೆ ಹೋಗುವಂತಾಯಿತು.

ಇಷ್ಟರಲ್ಲಿ ನಮ್ಮ ಸುತ್ತಲಿನ ಹೊಲಗಳು ಒಂದೊಂದಾಗಿ ಬದಲಾದವು. ಜೋಳಕ್ಕೆ ಕೈ ಬಹಳ ಬೇಕು. ಕಾಯಬೇಕು, ಕೀಳಬೇಕು, ತೆನೆ ಮುರಿಯಬೇಕು. ಬೋರು ಬಿದ್ದ ಕಡೆ ಕಬ್ಬು ಬಂತು, ಬೀಳದ ಕಡೆ ಬರೀ ತೊಗರಿ. ನನ್ನ ತವರಿನ ಕಡೆ ಹವಳಗಾದ ಕಾರ್ಖಾನೆಗೆ ಕಬ್ಬಿನ ಗಾಡಿ ಸಾಲುಗಟ್ಟುವುದನ್ನು ನೋಡಿದ್ದೆ. ಈಗ ಇಲ್ಲೂ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೋಗುವುದು ಶುರುವಾಯಿತು. ಬಾವಿಗಳು ಹಾಳುಬಿದ್ದವು, ಬಾವಿದಂಡೆಯ ಜಾಲಿಗಿಡ ಕಡಿದರು. ಅದರ ಟೊಂಗೆಗೆ ತೂಗುತ್ತಿದ್ದ ಗೀಜಗನ ಗೂಡುಗಳು ಹೋದವು. "ಮೇಸ್ತ್ರಿ ಊರು ಬಿಟ್ಟ" ಎಂದಳು ಆಯಿ. ಬದುವಿನ ಹುಲ್ಲಿಗೂ ಔಷಧ ಹೊಡೆಯುವುದು ಬಂದ ಮೇಲೆ ಗುಬ್ಬಿಗಳೂ ತೆಳುವಾದವು.

ಕೊನೆಗೆ ಸುತ್ತಮುತ್ತ ಜೋಳವೆಂದು ಉಳಿದದ್ದು ನಮ್ಮ ಹೊಲವೊಂದೇ. ಮಾವನವರ ಕಾಲದ ಬೀಜ, ಎತ್ತರದ ದಂಟು, ರೊಟ್ಟಿ ತಟ್ಟಿದರೆ ಅಂಚು ಒಡೆಯದ ಹಿಟ್ಟು. ಎತ್ತುಗಳಿಗೆ ಅದರ ಕಣಿಕೆಯೇ ಮೇವು. ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಆದರೆ ಹಕ್ಕಿಗಳಿಗೂ ಉಳಿದದ್ದು ಅದೊಂದೇ ಹೊಲ! ಮೊದಲು ಊರಿನ ಎಲ್ಲ ಹೊಲಕ್ಕೆ ಹಂಚಿಹೋಗುತ್ತಿದ್ದ ಗಿಳಿ, ಗೊರವಂಕ, ದಿಂಡಿ ಎಲ್ಲ ಒಂದೇ ಸಲ ನಮ್ಮ ತೆನೆಯ ಮೇಲೆ. ಆಯಿ ಮೂಡಣಕ್ಕೆ ಕವಣೆ ಬೀಸಿದರೆ ಪಡುವಣದಲ್ಲಿ ಇಳಿಯುತ್ತಿದ್ದವು. ಆ ವರ್ಷ ಅರ್ಧ ಹೊಲದ ತೆನೆ ಬರೀ ಸಿಪ್ಪೆ. ಆಯಿಯ ಗಂಟಲು ಕೂತು, ಮಾತಿನ ಬದಲು ಸನ್ನೆ ಮಾಡುವಂತಾಗಿತ್ತು.

ನಮ್ಮ ಮನೆಯವರು ಉಳಿದ ಅರ್ಧಕ್ಕೆ ನೈಲಾನ್ ಬಲೆ ತಂದು ಹೊದಿಸಿದರು. ಮರುದಿನ ಹೋಗಿ ನೋಡಿದರೆ ಬಲೆಯ ತುಂಬ ಹಕ್ಕಿ ಸಿಕ್ಕಿಬಿದ್ದಿದ್ದವು. ಕೆಲವು ಆಗಲೇ ಸತ್ತಿದ್ದವು. ಆಯಿ ನಮ್ಮ ಮನೆಗೆ ಬಂದು ನನ್ನ ಹೊಲಿಗೆಯ ಕತ್ತರಿ ಇಸಿದುಕೊಂಡು ಹೋದಳು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ದಾರ ಕತ್ತರಿಸಿ, "ಬಂದಿದ್ದಿ ಯಾಕ ಇಲ್ಲಿ, ನಿಮ್ಮವ್ವ ಹೇಳಿರಲಿಲ್ಲೇನು" ಎಂದು ಬೈದು ಬಿಡುತ್ತಿದ್ದಳು. ಗಿಳಿಯೊಂದು ಅವಳ ಬೆರಳು ಕಚ್ಚಿ ರಕ್ತ ಬರಿಸಿತು. "ಅಳಿಯಾ ಅಂದ್ರ ಇಷ್ಟೇ" ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎಲ್ಲ ಮುಗಿದ ಮೇಲೆ ಬಲೆ ಸುರುಳಿ ಸುತ್ತಿ ನಮ್ಮ ಮನೆಯವರ ಮುಂದಿಟ್ಟಳು.

"ಇದನ್ನ ಹಾಕೂದಿದ್ರ ನನ್ನ ಕರೀಬ್ಯಾಡ್ರಿ ತಮ್ಮಾ."

"ಹಾಕದಿದ್ರ ಜೋಳ ಉಳಿಯೂದಿಲ್ಲ ಆಯಿ. ಬರೂ ವರ್ಷದಿಂದ ಬಿತ್ತೂದೇ ಬ್ಯಾಡ ಅನಿಸಾಕತ್ತದ. ನಾವೂ ತೊಗರಿ ಹಾಕ್ತೇವಿ. ಜ್ವಾಳಾ ಪ್ಯಾಟಿಯಾಗ ಸಿಗ್ತದ."

ಆಯಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ. "ಒಂದು ವರ್ಷ ಕೊಡ್ರಿ" ಎಂದಳು. "ಒಂದೇ ವರ್ಷ. ಆಮ್ಯಾಲ ನೀವು ಹೇಳಿದಂಗ." ನಮ್ಮ ಮನೆಯವರನ್ನು ಸಣ್ಣವರಿದ್ದಾಗ ಕಂಕುಳಲ್ಲಿ ಎತ್ತಿಕೊಂಡು ಹಕ್ಕಿ ಓಡಿಸಿದವಳು ಅವಳು. ಅವರು ಇಲ್ಲವೆನ್ನಲಾಗಲಿಲ್ಲ.

ಆಯಿ ಮೊದಲು ಮಾಡಿದ್ದೆಂದರೆ ಬಾಜೂ ಹೊಲದ ಕಾಕಾನ ಮನೆಗೆ ಹೋದದ್ದು. ಕಾಕಾ ನಮ್ಮ ಮಾವನವರ ದಾಯಾದಿ, ಅವನದು ಒಂದು ಕಡೆ ಕಬ್ಬು, ನಮ್ಮ ಹೊಲಕ್ಕೆ ತಾಗಿದ ಕಡೆ ತೊಗರಿ. ನಾನೂ ಮಜ್ಜಿಗೆ ತರುವ ನೆವದಿಂದ ಜೊತೆಗೆ ಹೋಗಿದ್ದೆ.

"ತಮ್ಮಾ, ಈ ಸಲ ತೊಗರಿ ಹೊಲದಾಗ ಈ ಕಡಿ ಒಂದೆಕರೆ ಜ್ವಾಳಾ ಹಾಕು."

"ಯಾಕಬೇ? ನಿನ್ನ ಹಕ್ಕಿಗೋಳಿಗಿ ನಮ್ಮನ್ಯಾಗೂ ಊಟಾ ಹಚ್ಚಬೇಕೇನು?" ಕಾಕಾ ನಕ್ಕ.

"ಮಲಗೂದು ನಿನ್ನ ಕಬ್ಬಿನಾಗ, ಉಣ್ಣೂದು ಇವರ ಜ್ವಾಳದಾಗ. ಇದ್ಯಾವ ನ್ಯಾಯ? ವಸ್ತಿ ಕೊಟ್ಟವ ಒಂದು ರೊಟ್ಟಿ ಕೊಡಬ್ಯಾಡೇನು? ಎಲ್ಲಾರೂ ಜರಾ ಜರಾ ಬಿತ್ತಿದ್ರ ಯಾರಿಗೂ ಹೊರಿ ಆಗೂದಿಲ್ಲ."

"ನನಗ ಜ್ವಾಳಾ ಬ್ಯಾಡ, ಹಕ್ಕಿ ಕಾಟಾನೂ ಬ್ಯಾಡ. ನೀ ಹೋಗು, ಚಾ ಕುಡಿದು ಹೋಗು." ಅವನು ಕೆಟ್ಟವನಲ್ಲ. ಆದರೆ ಬಿತ್ತಲಿಲ್ಲ. ಆ ಹಿಂಗಾರಿಯಲ್ಲೂ ಜೋಳ ನಮ್ಮದೊಂದೇ.

ಆಯಿಯ ಗಂಟಲು ಉಳಿಯಲೆಂದು ನಮ್ಮ ಮನೆಯವರು ಒಂದು ಉಪಾಯ ಮಾಡಿದರು. ತರಕಾರಿ ಮಾರುವ ಗಾಡಿಗಳಲ್ಲಿ ಕೂಗುತ್ತದಲ್ಲ, ಅಂಥದೊಂದು ಸಣ್ಣ ಸ್ಪೀಕರು ತಂದು, ಆಯಿ ಬೈಯುವುದನ್ನೇ ರೆಕಾರ್ಡ್ ಮಾಡಿ, ಹೊಲದ ಪಡುವಣ ಮೂಲೆಯ ಬಿದಿರಿಗೆ ಕಟ್ಟಿದರು. ಸ್ವಲ್ಪ ಹೊತ್ತಿಗೊಮ್ಮೆ ಅದು ತಾನೇ ಕೂಗುವುದು. ಆಯಿಗೆ ಅದು ಸೇರಲಿಲ್ಲ. "ಯಾರ ಮ್ಯಾಲ ಸಿಟ್ಟು ಅಂತ ನೋಡದಽ ಬೈತದ ಅದು" ಎಂದಳು. ಎಷ್ಟು ಖರೆ ಹೇಳಿದಳೆಂದು ಸಂಕ್ರಾಂತಿಯ ಹೊತ್ತಿಗೆ ಗೊತ್ತಾಯಿತು.

ಕಾಕಾನ ಮಗಳ ಮದುವೆಯಾಗಿ ಅದು ಮೊದಲ ಸಂಕ್ರಾಂತಿ. ಅಳಿಯ ಅಫಜಲಪುರದವನು, ನಮ್ಮ ತವರಿನ ಓಣಿಯ ಹುಡುಗನೇ. ಹಬ್ಬಕ್ಕೆ ಬಂದವನು ಅತ್ತೆ ಮನೆಯ ಉಪಚಾರ ಚೆನ್ನಾಗಿತ್ತೆಂದು ನಾಲ್ಕು ದಿನ ಹೆಚ್ಚಿಗೇ ನಿಂತಿದ್ದ. ಮಾವ ಹೊಲಿಸಿಕೊಟ್ಟ ಗಿಳಿಹಸಿರು ಅಂಗಿ ತೊಟ್ಟು, ಹೊತ್ತು ಹೋಗದೆ, ಮಧ್ಯಾಹ್ನ ಹೊಲದ ದಾರಿಯಲ್ಲಿ ಒಬ್ಬನೇ ಅಡ್ಡಾಡಲು ಹೋದ. ಆಯಿ ಊಟಕ್ಕೆ ಇಳಿದು ಬೇವಿನ ಕೆಳಗೆ ಕಣ್ಣು ಮುಚ್ಚಿದ್ದಳು. ಜೋಳದೊಳಗಿಂದ ಒಮ್ಮೆಲೇ ಧ್ವನಿ:

"ಏ ಹಸರಂಗಿ ಅಳಿಯಾ! ಬಂದು ಎಷ್ಟ ದಿನಾ ಆತೋ? ತಿಂದಿದ್ದು ಸಾಲವಲ್ದೇನು? ಅರ್ಧಾ ತಿನ್ನೂದು, ಅರ್ಧಾ ಚೆಲ್ಲೂದು! ನಿಮ್ಮ ಮನ್ಯಾಗ ಕೂಳಿಲ್ಲೇನು? ಏಳು, ಎದ್ದು ನಿಮ್ಮೂರಿಗಿ ನಡಿ!"

ಹುಡುಗ ಸುತ್ತ ನೋಡಿದ. ಯಾರೂ ಇಲ್ಲ. "ಯಾರಲೇ ಅದು? ಎದರಿಗಿ ಬಂದು ಮಾತಾಡ್ರಿ!" ಎಂದು ಜೋಳಕ್ಕೆ ಕೂಗಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಜೋಳ ಅದನ್ನೇ ಮತ್ತೊಮ್ಮೆ, ಒಂದಕ್ಷರ ಬಿಡದೆ, ಹೇಳಿತು. ಹಿಂದಿನ ರಾತ್ರಿ ಹೋಳಿಗೆ ಹೆಚ್ಚಾಗಿ ತಾಟಿನಲ್ಲಿ ಬಿಟ್ಟಿದ್ದ ಪಾಪ. ಇದು ಅತ್ತೆ ಮನೆಯವರೇ ಹೇಳಿಸಿದ ಮಾತೆಂದು ತಿಳಿದು, ಮನೆಗೆ ಹೋಗಿ ಹಸಿರು ಅಂಗಿ ಬಿಚ್ಚಿಟ್ಟು, ಬ್ಯಾಗು ಹಿಡಿದು, ಯಾರ ಮಾತೂ ಕೇಳದೆ ಬಸ್ಸು ಹತ್ತಿಬಿಟ್ಟ. ಹೆಂಡತಿಯನ್ನೂ ಕರೆಯಲಿಲ್ಲ.

ಸಂಜೆ ಕಾಕಾ ನಮ್ಮ ಅಂಗಳದಲ್ಲಿ ನಿಂತು ಕೂಗಾಡಿದ. ಆಯಿಯನ್ನು ಕರೆಸಿದೆವು.

"ನಮ್ಮ ಅಳಿಯಾಗ ಬೈಯಾಕ ನೀ ಯಾರಬೇ?"

"ನಾ ಬೈದದ್ದು ಗಿಣಿಗಿ ತಮ್ಮಾ."

"ಗಿಣಿಗಿ ಯಾರರೆ ಅಳಿಯಾ ಅಂತಾರೇನು?"

"ನಿನ್ನ ಅಳಿಯಾ ಹುಟ್ಟೂಕಿಂತ ಮೊದಲಿಂದ ಅದು ನನ್ನ ಅಳಿಯಾ. ಬೇಕಾದ್ರ ಇವರನ್ನ ಕೇಳು."

ನಮ್ಮ ಮನೆಯವರು ನಗು ತಡೆಯಲಾರದೆ ಒಳಗೆ ಹೋದರು. ಕಾಕಾನ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದುದನ್ನು ನೋಡಿ ಆಯಿಯ ಮುಖ ಮಾತ್ರ ಸಣ್ಣದಾಯಿತು. "ಅಳಬ್ಯಾಡ ಮಗಳಽ. ನನ್ನ ಬಾಯಿಂದ ಹೋದವನ್ನ ನನ್ನ ಬಾಯಿಂದನೇ ಕರಕೊಂಡು ಬರ್ತೇನಿ" ಎಂದಳು. ತವರೂರಿನವಳೆಂದು ನನ್ನನ್ನೂ ಹೊರಡಿಸಿದಳು.

ಎರಡು ಬಸ್ಸು ಬದಲಿಸಿ ಅಫಜಲಪುರ ಮುಟ್ಟಿದೆವು. ಹುಡುಗನ ತಾಯಿ ನೀರು ಕೊಟ್ಟರು, ಚಹಾ ಕೊಡಲಿಲ್ಲ. ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನು ಸ್ಪೀಕರು, ಗಿಳಿ, ರೆಕಾರ್ಡು ಎಂದು ಏನೇನೋ ವಿವರಿಸಲು ಹೋದೆ. ಯಾರೂ ನಂಬಿದಂತೆ ಕಾಣಲಿಲ್ಲ. ಆಗ ಆಯಿ ಎದ್ದು ನಡುಮನೆಯಲ್ಲಿ ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಇಲ್ಲದ ಕವಣೆಯನ್ನು ತಲೆಯ ಮೇಲೆ ತಿರುವಿದಳು, ಮತ್ತು ಹೊಲದಲ್ಲಿ ಎಷ್ಟು ಜೋರಾಗಿ ಕೂಗುತ್ತಿದ್ದಳೋ ಅಷ್ಟೇ ಜೋರಾಗಿ, ಅಳಿಯನಿಂದ ಶುರುಮಾಡಿ ಗುಬ್ಬಿ, ಬೆಳವ, ದಿಂಡಿಯತನಕ ಎಲ್ಲರ ಬೈಗಳನ್ನೂ ಬೈದಳು. ಅಟ್ಟದ ಮೇಲಿನ ಹಿತ್ತಾಳೆ ಕೊಡ ಗುಂಯ್ ಎಂದಿತು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು.

ಮುಗಿಸಿ, ಏದುಸಿರು ಬಿಡುತ್ತ ಹುಡುಗನಿಗೆ ಹೇಳಿದಳು: "ಇದು ಗಿಣಿಗಿ ಬೈಯೂದಪ್ಪಾ. ಅರ್ಧಾ ತಿಂದು ಅರ್ಧಾ ಚೆಲ್ತದ ಅದು, ಅದಕ್ಕ."

ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದಿದ್ದರು. "ನಮ್ಮವಂದೂ ಅದೇ ಚಾಳಿ ಬಿಡ್ರಿ" ಎಂದು ಜೋರಾಗಿ ನಕ್ಕುಬಿಟ್ಟರು. ಹುಡುಗ ಮೊದಲು ಸಿಟ್ಟಿನಿಂದ ತಾಯಿಯನ್ನು ನೋಡಿದ, ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಚಹಾ ಬಂತು, ಉಪ್ಪಿಟ್ಟು ಬಂತು. ಆಯಿತವಾರ ಅವನು ಹಸಿರು ಅಂಗಿ ಬಿಟ್ಟು ಬಿಳಿ ಅಂಗಿ ತೊಟ್ಟು ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಹೋಗುವ ಮೊದಲು ಆಯಿಯ ಅಟ್ಟಣಿಗೆ ಹತ್ತಿ, ಎರಡು ಕಲ್ಲು ಬೀಸಿ, ಎರಡನ್ನೂ ತನ್ನ ಕಾಲ ಬುಡಕ್ಕೇ ಬೀಳಿಸಿಕೊಂಡ.

ಕಾಕಾ ಒಂದು ಸೀರೆ ತೆಗೆದುಕೊಂಡು ಆಯಿಯ ಮನೆಗೆ ಹೋದನಂತೆ. ಆಯಿ ಮುಟ್ಟಲಿಲ್ಲ. "ಸೀರಿ ಇದ್ದಾವ ನನಗ. ಜ್ವಾಳಾ ಬಿತ್ತು."

"ಅದೊಂದು ಬಿಡಂಗಿಲ್ಲೇನು ನೀ?"

"ಬಿಡಂಗಿಲ್ಲ."

ಅವಳು ಬೇಡಿಕೊಂಡ ವರ್ಷದ ಬೆಳೆ ಅಂಥ ಚೆನ್ನಾಗೇನೂ ಬರಲಿಲ್ಲ. ಸ್ಪೀಕರಿಗೆ ಹಕ್ಕಿಗಳು ಬೇಗನೇ ಹೊಂದಿಕೊಂಡವು. ಗೊರವಂಕಗಳು ಅದರ ಮೇಲೆಯೇ ಕುಳಿತು ಬೈಗಳು ಕೇಳುತ್ತಿದ್ದವು. ನಮ್ಮ ಮನೆಯವರು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. ಆದರೆ ಮುಂದಿನ ಬಿತ್ತನೆಗೆ ಕಾಕಾ ನಮ್ಮಲ್ಲಿಗೇ ಬೀಜ ಕೇಳಿಕೊಂಡು ಬಂದಾಗ, ಬೀಜ ಕೊಟ್ಟು ತಾವು ಬಿತ್ತದಿರಲು ಅವರಿಗೂ ಮುಖವಿರಲಿಲ್ಲ. ಕಾಕಾ ಒಂದೆಕರೆ ಹಾಕಿದ. ಅದನ್ನು ನೋಡಿ ಆಚೆ ಹೊಲದವರು ಮನೆಯ ಮಟ್ಟಿಗೆಂದು ಸ್ವಲ್ಪ ಹಾಕಿದರು.

ಆ ಚಳಿಗಾಲ ಹಕ್ಕಿಗಳು ಬಂದವು, ಕೆಳಗೆ ನೋಡಿದವು, ಹರಡಿಕೊಂಡವು. ಆಯಿ ಮೂರು ಹೊಲಕ್ಕೆ ಒಂದೇ ಅಟ್ಟಣಿಗೆಯಿಂದ ಕಾಯುತ್ತಿದ್ದಳು. ಅದರಲ್ಲೂ ಒಂದು ಹಿಕಮತ್ತು ಕಂಡುಕೊಂಡಳು. ದಿಂಡಿ ಇಳಿದಾಗ ಕಲ್ಲನ್ನು ಕಬ್ಬಿನ ಕಡೆಗೆ ಬೀಸಿದರೆ ಅವು ಏಳುವುದು ಕಾಕಾನ ತೊಗರಿಯ ಕಡೆಗೆ. ತೊಗರಿಗೆ ಆಗ ಹಸಿರು ಹುಳ ಬಿದ್ದಿತ್ತು. "ಅತ್ಲಾಗ ಹೋಗ್ರಿ, ಅಲ್ಲಿ ಬಿಸಿ ಬಿಸಿ ಹುಳದ ಊಟಾ ಅದ!" ಎಂದು ಅಟ್ಟಣಿಗೆಯ ಮೇಲಿಂದ ದಾರಿ ತೋರಿಸುತ್ತಿದ್ದಳು. ಅವು ಕಾಯಿಯ ನಡುವೆ ಇಳಿದು ಹುಳ ಹೆಕ್ಕುವುದನ್ನು ಕಾಕಾ ಬದುವಿನ ಮೇಲೆ ಕುಳಿತು ನೋಡಿದ. ಆ ಸಲ ಔಷಧಿಯ ಪಂಪು ಒಂದು ಸಲ ಕಡಿಮೆ ಹೊರಬಂತು. ಗಿಳಿಗಳು ಮಾತ್ರ ಹುಳ ಮೂಸಲಿಲ್ಲ, ತೊಗರಿಕಾಯಿಯನ್ನೂ ಬಿಡಲಿಲ್ಲ. ಗೀಜಗ ಮರಳಿ ಬರಲಿಲ್ಲ. ಆಯಿ ಪ್ರತಿ ಮಳೆಗಾಲಕ್ಕೂ ಹಾಳುಬಾವಿಯ ತನಕ ಹೋಗಿ ನೋಡಿ ಬರುವಳು. 

ಕಳೆದ ವರ್ಷ ಅವಳಿಗೆ ಉಸಿರಿನ ತೊಂದರೆ ಹೆಚ್ಚಿತು. ಮಗಳು ಬಂದು ಜೇವರ್ಗಿಗೆ ಕರೆದೊಯ್ದಳು. ಹಿಂಗಾರಿ ಬಂದಾಗ ನಮ್ಮ ಮನೆಯವರು ಮತ್ತೆ ಅದೇ ಮಾತು ತೆಗೆದರು: ಕಾಯುವವರು ಯಾರು? ಕೂಲಿಗೆ ಯಾರೂ ಬರಲೊಲ್ಲರು, ಬಂದವರು ಮೊಬೈಲು ನೋಡುತ್ತ ಕೂಡುತ್ತಾರೆ. "ನಾ ಅಟ್ಟಣಿಗಿ ಹತ್ತತೇನಿ" ಎಂದೆ. ಅವರು ನಕ್ಕರು. ಮೊಣಕಾಲು ನೋವಿನ ಹೆಂಗಸು, ಏಣಿ ಹತ್ತುವುದೇ ಒಂದು ಹಬ್ಬವಾಯಿತು. ಊರಿನವರು ನೋಡಲೆಂದೇ ಹೊಲದ ದಾರಿ ಹಿಡಿದು ಬಂದರು.

ನಡುವೆ ಒಂದು ಆಯಿತವಾರ ಜೇವರ್ಗಿಗೆ ಹೋಗಿದ್ದೆ. ಆಯಿ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ಬಲರಟ್ಟೆ ಇಳಿದು ಎಡಗೈಯಷ್ಟೇ ಆಗಿತ್ತು. ನನ್ನ ಅಂಗೈ ಎಳೆದು, ಹಗ್ಗ ಉಜ್ಜಿ ಎದ್ದ ಬೊಬ್ಬೆ ನೋಡಿದಳು.

"ಕವಣಿ ಬಿಗಿ ಹಿಡೀತಿ ನೀ. ಸಡ್ಲ ಹಿಡಿ. ಒಂದು ಸಲ ಕೂಗಿ ತೋರಸು, ಹೆಂಗ ಕೂಗ್ತಿ?"

"ಇಲ್ಲಿ? ಬಾಜೂ ಮನ್ಯಾವ್ರು ಏನಂದಾರು ಆಯಿ?"

"ಅದಕ್ಕಽ ಹಕ್ಕಿ ಏಳವಲ್ಲವು ನಿನಗ." ನಕ್ಕಳು, ಕೆಮ್ಮಿದಳು. ಆಮೇಲೆ ಮಗಳಿಗೆ ಕೇಳದ ಹಾಗೆ ಹೇಳಿದಳು: "ಈ ವರ್ಷ ತೆನಿ ಕಡಿಮಿ ಆದ್ರ ತಮ್ಮ ಬಿತ್ತೂದು ಬಿಡ್ತಾನೇನು?"

"ಬಿಡಾಕ ಕೊಡೂದಿಲ್ಲ" ಎಂದೆ.

"ನನಗ ಆಣಿ ಗೀಣಿ ಬ್ಯಾಡ. ಸುಮ್ಮ ಕೇಳಿದೆ." ಅಂದು ಊಟಕ್ಕೆ ನಾನೊಯ್ದ ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

ಹಾಲುಗಾಳು ಗಟ್ಟಿಯಾಗುತ್ತಿದ್ದ ಒಂದು ಮುಂಜಾನೆ ನಾನು ಅಟ್ಟಣಿಗೆಯ ಮೇಲಿದ್ದಾಗ ಅವಳ ಮಗಳ ಫೋನು ಬಂತು. "ವೈನೀ" ಎಂದಳು. "ಅವ್ವ ಹೋದಳ್ರಿ. ಸಂಜೀಕ ಊರಿಗೇ ತರ್ತೇವಿ."

ಫೋನು ಇಟ್ಟು ಹಲಗೆಯ ಮೇಲೆ ಕುಳಿತೆ. ಕವಣೆ ಮಡಿಲಲ್ಲಿತ್ತು. ಕೂಗುವವರಿಲ್ಲದ್ದನ್ನು ತಿಳಿದು ಮೊದಲು ನಾಲ್ಕಾರು ಹಕ್ಕಿ ಬಂದವು, ಆಮೇಲೆ ಗುಲಾಬಿ ಮೈಯ ಹಿಂಡಿಗೆ ಹಿಂಡೇ ಇಳಿಯಿತು. ನನ್ನ ಕಾಲಿನ ಕೆಳಗೆ, ಮೂಡಣ ಮೂಲೆಯ ತುಂಬ ತೆನೆಗಳು ಬಾಗಿ ಬಾಗಿ ಎದ್ದವು. ಇಷ್ಟು ವರ್ಷ ಆ ಹೊಲಕ್ಕೆ ಹೋಗಿದ್ದರೂ ಅಷ್ಟು ಕೊಕ್ಕುಗಳು ಒಟ್ಟಿಗೆ ಕಾಳು ಬಿಡಿಸುವ ಸದ್ದನ್ನು ನಾನು ಕೇಳಿರಲಿಲ್ಲ. ಯಾರಾದರೂ ಕೂಗುತ್ತಲೇ ಇರುತ್ತಿದ್ದೆವಲ್ಲ! ಒಣಗಿದ ಎಲೆಯ ಮೇಲೆ ಸಣ್ಣ ಹನಿ ಬೀಳುವಂಥ ಸದ್ದು.

ಕೂಗು ಕೇಳಿಸದ್ದಕ್ಕೆ ನಮ್ಮ ಮನೆಯವರು ಗಾಬರಿಯಾಗಿ ಓಡಿಬಂದರು. ಹಿಂಡನ್ನು ಕಂಡು ಬಗ್ಗಿ ಹೆಂಟೆ ಎತ್ತಿಕೊಂಡರು. ಕೈ ಬೀಸುವ ಮೊದಲು ನನ್ನ ಕಡೆ ನೋಡಿದರು.

"ಆಯಿ ಹೋದಳ್ರಿ" ಎಂದೆ.

ಹೆಂಟೆ ಅವರ ಕೈಯಲ್ಲೇ ಪುಡಿಯಾಯಿತು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಟೊಪ್ಪಿಗೆ ತೆಗೆದರು. ಹಕ್ಕಿಗಳು ತಾವಾಗಿ ಏಳುವತನಕ ನಾವಿಬ್ಬರೂ ಅಲುಗಲಿಲ್ಲ.

ಸುಗ್ಗಿಯಲ್ಲಿ ಆ ಮೂಲೆಯ ತೆನೆಗಳಲ್ಲಿ ಕಾಳಿರಲಿಲ್ಲ. ಅವನ್ನು ಬಿಟ್ಟುಬಿಡಿರೆಂದು ಆಳುಗಳು ಕೇಳಿದರೂ ನಮ್ಮ ಮನೆಯವರು ಕೇಳಲಿಲ್ಲ. ಉಳಿದವುಗಳ ಜೊತೆಗೇ ಮುರಿಸಿ ಕಣಕ್ಕೆ ತರಿಸಿದರು. ಒಳ್ಳೆಯ ತೆನೆಗಳಲ್ಲಿ ದಪ್ಪನೆಯವನ್ನು ತಾವೇ ಆರಿಸಿ ಬರುವ ಹಿಂಗಾರಿಯ ಬೀಜಕ್ಕೆಂದು ಜಂತಿಗೆ ಕಟ್ಟಿದರು. ನಾನು ಏನೂ ಹೇಳಬೇಕಾಗಿ ಬರಲಿಲ್ಲ.